ಬೀಗರ ಪಂಚೆಯೂ ನನ್ನ ಬೀಕರೂ

ನಾನು ಹಿರಿಯೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು. ಮಗಳು ವೀಣಾಳನ್ನು ನೋಡಲು ಹೊಳಲ್ಕೆರೆಯಿಂದ ಗಂಡಿನ ಕಡೆಯವರು ಬಂದಾಗ, ಉಪ್ಪಿಟ್ಟು ಬರುವ ತನಕ ಅವರನ್ನು ರಂಜಿಸುವ ಹೊಣೆಯನ್ನು ನಾನೇ ಹೊತ್ತುಕೊಂಡೆ. ಯಾರೂ ಕೇಳಿರಲಿಲ್ಲ!

ನಾನು ತೋರಿಸಬೇಕೆಂದಿದ್ದ ಆಟ ಇದು: ಮೂರು ದ್ರಾವಣ ಬೆರೆಸಿದರೆ ತಿಳಿನೀರು ಜೇನುಬಣ್ಣಕ್ಕೆ, ಜೇನುಬಣ್ಣ ಕಡುನೀಲಿಗೆ, ನೀಲಿ ಮತ್ತೆ ತಿಳಿನೀರಿಗೆ ತಿರುಗುತ್ತದೆ. ಯಾರೂ ಮುಟ್ಟದಿದ್ದರೂ ತನ್ನಷ್ಟಕ್ಕೆ ತಾನೇ ಹೀಗೆ ಸುತ್ತು ಹೊಡೆಯುತ್ತಿರುತ್ತದೆ.

"ಸುಮ್ನೆ ಕುಂತ್ಕಂಡು ಮಳೆ ಬೆಳೆ ಮಾತಾಡ್ರಿ," ಎಂದಳು ಹೆಂಡತಿ ಸರೋಜ.

"ಇದು ವಿಜ್ಞಾನ ಗೊತ್ತಿರೋ ಮನೆ ಅಂತ ಅವರಿಗೂ ತಿಳೀಲಿ!"

ಹುಡುಗನ ತಂದೆ ಶಿವಣ್ಣನವರು ಗಂಜಿ ಹಾಕಿದ ಬಿಳಿ ಪಂಚೆಯಲ್ಲಿ ಗಂಭೀರವಾಗಿ ಕೂತಿದ್ದರು. ನಾನು ಸಣ್ಣದೊಂದು ಭಾಷಣ ಮಾಡಿ, ಗಾಜಿನ ಬೀಕರಿನಲ್ಲಿ ಮೂರನ್ನೂ ಬೆರೆಸಿದೆ. ಬಣ್ಣ ಬರಲಿಲ್ಲ. ಕಾದೆವು. ಬರಲೇ ಇಲ್ಲ!

"ಏನೋ ಆಗ್ತೈತೆ ಅಂದ್ರಲ್ಲ?" ಎಂದರು ಶಿವಣ್ಣ.

ಆಗ ಹೊಳೆಯಿತು. ದ್ರಾವಣಕ್ಕೆ ಬೋರ್‌ವೆಲ್ ನೀರು ಹಾಕಿದ್ದೆ. ಉಪ್ಪುನೀರಿನಲ್ಲಿ ಈ ಆಟ ನಡೆಯುವುದಿಲ್ಲ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವವನು ನಾನೇ! ಇನ್ವರ್ಟರ್ ಬ್ಯಾಟರಿಗೆಂದು ತಂದಿಟ್ಟಿದ್ದ ಡಿಸ್ಟಿಲ್ಡ್ ವಾಟರ್‌ನಲ್ಲಿ ಎಲ್ಲವನ್ನೂ ಹೊಸದಾಗಿ ಮಾಡಿಕೊಂಡು ಬಂದೆ. ಅಷ್ಟರಲ್ಲಿ ಉಪ್ಪಿಟ್ಟು ಬಂದು ಖಾಲಿಯೂ ಆಗಿತ್ತು.

ಈ ಸಲ ಬಂತು! ಜೇನು, ನೀಲಿ, ತಿಳಿ!

"ಅಯ್ಯೋ, ತಾನೇ ಬದಲಾಗ್ತೈತೆ ನೋಡ್ರಿ!" ಎಂದರು ಹುಡುಗನ ತಾಯಿ.

ನಾನು ಹಿಗ್ಗಿಹೋಗಿ, "ನೋಡಿದ್ರಾ?" ಎಂದು ಕೈ ಬೀಸಿದೆ. ಕೈ ಬೀಕರಿಗೆ ತಗುಲಿತು. ಬೀಕರು ಬೀಗರಾಗಬೇಕಿದ್ದವರ ತೊಡೆಯ ಮೇಲೆ ಉರುಳಿತು!

ಅದರಲ್ಲಿದ್ದದ್ದು ಅಯೋಡಿನ್. ಗಂಜಿಗೆ ತಗುಲಿದರೆ ಕಡುನೀಲಿ. ಪಂಚೆಯ ತುಂಬ ಗಂಜಿ! ಕಣ್ಣೆದುರೇ ಬಿಳಿ ಬಟ್ಟೆ ಶಾಯಿಯಲ್ಲಿ ಅದ್ದಿದಂತಾಯಿತು. ಶಿವಣ್ಣ ದಡಕ್ಕನೆ ಎದ್ದು ನಿಂತರು. ಸಂಬಂಧ ಮುರಿದೇಹೋಯಿತು ಎಂದುಕೊಂಡೆ. ಸರೋಜಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಒಳಗಿಂದ ವೀಣಾ ಓಡಿಬಂದಳು. "ಅಲ್ಲಾಡಬ್ಯಾಡ್ರಿ ಅಂಕಲ್!" ಎಂದವಳೇ ಒಂದು ಬಿಂದಿಗೆ ನೀರು ಸುರಿದು, ಕಲೆಯ ಮೇಲೆ ನಿಂಬೆಹಣ್ಣು ಹಿಂಡಿ ತಿಕ್ಕಿದಳು. ನೀಲಿ ಮಾಸಿತು. ಮಾಯವಾಯಿತು!

"ಉರೀತೈತಾ?" ಎಂದೆ.

"ಇಲ್ರೀ. ಚಳಿ ಆಗ್ತೈತೆ!" ಎಂದು ಶಿವಣ್ಣ ನಕ್ಕೇಬಿಟ್ಟರು. ಹೋಗಿದ್ದ ನನ್ನ ಜೀವ ವಾಪಸ್ ಬಂತು. ಹುಡುಗನೂ ನಕ್ಕ. ಅವನನ್ನು ನೋಡಿ ವೀಣಾಳೂ ನಕ್ಕಳು.

ನನ್ನದೊಂದು ಪಂಚೆ ಉಟ್ಟು ಹೊರಟ ಶಿವಣ್ಣ, "ಮಕ್ಕಳಿಬ್ರೂ ಒಪ್ಪಿದಂಗೈತೆ, ನಮ್ದೂ ಒಪ್ಪಿಗೆ," ಎಂದರು. ಆಮೇಲೆ ಸರೋಜಳ ಕಡೆ ತಿರುಗಿದರು. "ಆದ್ರೆ ಅಮ್ಮಾ, ಛತ್ರದಾಗೆ ಇವರನ್ನ ಕೈ ಕಟ್ಟಿ ಕೂರಿಸ್ಬೇಕು."

ನನ್ನನ್ನು ಒಂದು ಮಾತೂ ಕೇಳದೆ ಸರೋಜ ತಕ್ಷಣ ಒಪ್ಪಿಕೊಂಡಳು!