ದೇವರಿಗೆ ವಿಳಾಸ ಹೇಳಿದವಳು

ನಮ್ಮಮ್ಮನಿಗೆ ದೇವರ ಮೇಲೆ ಬೆಟ್ಟದಷ್ಟು ನಂಬಿಕೆ ಇತ್ತು. ಆದರೆ ದೇವರ ಭೂಗೋಳ ಜ್ಞಾನದ ಮೇಲೆ ಎಳ್ಳಷ್ಟೂ ಇರಲಿಲ್ಲ! ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಇನ್ನು ಬೈಯಲು ಬರಲಾರಳು ಎಂಬ ಧೈರ್ಯದಿಂದ ಇದನ್ನು ಹೇಳುತ್ತಿದ್ದೇನೆ.

ಕಡೂರಿನ ನಮ್ಮ ಚರ್ಚು ಚಿಕ್ಕದು. ಭಾನುವಾರದ ಪೂಜೆಯ ನಡುವೆ ಯಾರು ಬೇಕಾದರೂ ಎದ್ದು ನಿಂತು ತಮ್ಮ ಕೋರಿಕೆಯನ್ನು ಗಟ್ಟಿಯಾಗಿ ಹೇಳಬಹುದು. ಉಳಿದವರು 'ರೋಗಿಗಳಿಗಾಗಿ', 'ಮಳೆಬೆಳೆಗಾಗಿ' ಎಂದು ಒಂದೇ ಮಾತಿನಲ್ಲಿ ಮುಗಿಸಿ ಕೂರುತ್ತಿದ್ದರು. ಅಮ್ಮ ಎದ್ದಳೆಂದರೆ ಮಾತ್ರ ಜನ ಬೆಂಚಿಗೆ ಒರಗಿ ಆರಾಮಾಗಿ ಕೂರುತ್ತಿದ್ದರು.

"ಪ್ರಭುವೇ, ಯಗಟೀಲಿರೋ ಮಂಜುನಾಥನ ಮಂಡಿನೋವು ವಾಸಿ ಮಾಡು. ಬಸ್ ಸ್ಟ್ಯಾಂಡಿಂದ ಬಲಕ್ಕೆ ತಿರುಗಿ, ಹಾಲಿನ ಡೇರಿ ದಾಟಿದ್ರೆ ಹಸಿರು ಬಾಗ್ಲು ಮನೆ. ಎಡಗಾಲು ಪ್ರಭುವೇ. ಬಲಗಾಲು ಚೆನ್ನಾಗೈತೆ, ಅದರ ತಂಟೆಗೆ ಹೋಗ್ಬೇಡ."

ಇದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಹಿಂದೊಮ್ಮೆ ನಮ್ಮ ಬೀದಿಯ ಇನ್ನೊಬ್ಬ ಮಂಜುನಾಥನಿಗೆ ಬಸ್ ಡ್ರೈವರ್ ಕೆಲಸ ಸಿಗಲಿ ಎಂದು ಅಮ್ಮ ತಿಂಗಳುಗಟ್ಟಲೆ ಬೇಡಿಕೊಂಡಿದ್ದಳು. ಕೆಲಸ ಸಿಕ್ಕಿದ್ದು ಹಿಂದಿನ ಬೀದಿಯ ಮಂಜುನಾಥನಿಗೆ! ತಪ್ಪು ಯಾರದು? ದೇವರದಂತೂ ಆಗಿರಲು ಸಾಧ್ಯವಿಲ್ಲ. ಸರಿಯಾಗಿ ವಿಳಾಸ ಕೊಡದ ತನ್ನದೇ ಎಂದು ಅಮ್ಮ ತೀರ್ಮಾನಿಸಿದಳು. ಹಿಂದಿನ ಬೀದಿಯವನು ಏನೂ ತಿಳಿಯದೆ ಮೈಸೂರುಪಾಕು ತಂದುಕೊಟ್ಟಾಗ ಮುಖ ಗಂಟು ಹಾಕಿಕೊಂಡೇ ಎರಡು ತುಂಡು ತಿಂದಳು.

ಹೊಸದಾಗಿ ಬಂದ ಫಾದರ್ ಒಮ್ಮೆ ಮೆಲ್ಲಗೆ ಹೇಳಿ ನೋಡಿದರು.

"ಅಮ್ಮಾ, ದೇವರಿಗೆ ಎಲ್ಲವೂ ಗೊತ್ತಿದೆ."

"ಗೊತ್ತಿರ್ತೈತೆ ಫಾದರ್, ಇಲ್ಲ ಅಂದೋರ್ಯಾರು? ಆದ್ರೆ ಅಕ್ಕಪಕ್ಕದ ಬೀದೀಲೇ ಇಬ್ರು ಮಂಜುನಾಥ್ರಿದ್ರೆ ದೇವ್ರಾದ್ರೂ ಏನ್ ಮಾಡ್ತಾನೆ?"



ಅಮ್ಮನ ಪ್ರಾರ್ಥನೆಗೆ ಜಾತಿ ಧರ್ಮದ ಗೊಡವೆ ಇರಲಿಲ್ಲ. ಎದುರುಮನೆ ಫಾತಿಮಾಬಿ, "ಅಕ್ಕಾ, ನಿಮ್ಮ ಚರ್ಚಲ್ಲೂ ಒಂದ್ಮಾತು ಹೇಳಿಡಿ" ಎಂದು ಮಗಳ ಹಾಲ್ ಟಿಕೆಟ್ ನಂಬರ್ ಕೊಟ್ಟಿದ್ದಳು. ಅಮ್ಮ ಅಂಕಿ ಬಿಡಿಸಿ ಬಿಡಿಸಿ ಒಪ್ಪಿಸಿದಳು. ಮುಂದಿನ ಭಾನುವಾರ ಮತ್ತೆ ಎದ್ದಳು.

"ಪ್ರಭುವೇ, ಹೋದ ವಾರದ ನಂಬರ್ ತಪ್ಪಾಗೋಯ್ತು. ಕೊನೇದು ಏಳಲ್ಲ, ಒಂದು. ಹಂಗಂತ ಆ ಏಳರ ಮಗೂನ ಫೇಲ್ ಮಾಡ್ಬೇಡ, ಪಾಪ!"

ವಿಳಾಸ ವಿಚಾರಿಸುವುದೆಂದರೆ ಮನೆಯಲ್ಲಿ ಕೂತು ಆಗುವ ಕೆಲಸವೇ? ಅಪ್ಪ ಹೋದ ಮೇಲೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿ ನನ್ನನ್ನು ಓದಿಸಿದ ಅಮ್ಮ, ರಜೆಯ ದಿನ ಬಸ್ಸು ಹತ್ತಿಬಿಡುತ್ತಿದ್ದಳು. ಹಾಗೆ ಒಮ್ಮೆ ಪಂಚನಹಳ್ಳಿಗೆ ಹೋದವಳು ಮಧ್ಯಾಹ್ನ ನಮ್ಮ ಮನೆ ಬಾಗಿಲಲ್ಲಿ ಒಬ್ಬ ಅಜ್ಜಿಯನ್ನು ಆಟೋದಿಂದ ಇಳಿಸಿದಳು.

"ಯಾರಮ್ಮ ಇವ್ರು?"

"ಭಾನುವಾರದ ಪ್ರಾರ್ಥನೆ ಕಣೇ! ಕಣ್ಣಿಗೆ ಪೊರೆ ಬಂದೈತೆ. ನಾಳೆ ಆಸ್ಪತ್ರೆಗೆ ಕರ್ಕೊಂಡೋಗ್ತೀನಿ, ನಿನ್ ಹಾಸಿಗೆ ಬಿಟ್ಕೊಡು."

ಪ್ರಾರ್ಥನೆ ಎಂಟು ದಿನ ನನ್ನ ಹಾಸಿಗೆಯಲ್ಲಿ ಮಲಗಿ, ಕಣ್ಣು ಸರಿಯಾದ ಮೇಲೆ ನಮ್ಮ ಮನೆಯ ಜೇಡರಬಲೆಗಳನ್ನೆಲ್ಲ ತೋರಿಸಿ ಊರಿಗೆ ಹೋಯಿತು.

ಮುರಿದ ಸಂಸಾರಗಳೆಂದರೆ ಅಮ್ಮನಿಗೆ ಇನ್ನೂ ಹುರುಪು. ಅಜ್ಜಂಪುರದ ಗಂಡ ಹೆಂಡತಿ ಬೇರೆಯಾಗಿದ್ದಾಗ ಆರು ಭಾನುವಾರ ಎದ್ದು ನಿಂತು, "ಒಂದು ಮಾಡು ಪ್ರಭುವೇ" ಎಂದು ಬೇಡಿದಳು. ಏಳನೇ ವಾರ ತಾನೇ ಆ ಹೆಂಗಸನ್ನು ಬಸ್ಸಿನಲ್ಲಿ ಕರೆದೊಯ್ದು ಗಂಡನ ಮನೆಯೊಳಗೆ ಬಿಟ್ಟು ಬಂದಳು. ಚರ್ಚಿನಲ್ಲಿ ಕಟ್ಟಿದ ಗಂಟನ್ನು ಬಿಚ್ಚಬಾರದು ಎನ್ನುವುದರಲ್ಲಿ ಅಮ್ಮನಿಗೆ ಎರಡನೇ ಮಾತಿರಲಿಲ್ಲ.

ಇಂಥ ಅಮ್ಮನ ಮನೆಗೆ ಒಂದು ಶನಿವಾರ ನಾನು ತರೀಕೆರೆಯ ಗಂಡನ ಮನೆಯಿಂದ ಬಟ್ಟೆಬರೆ ಸಮೇತ ಬಂದಿಳಿದೆ. ಗಂಡನಿಗೆ ಕೈ ಎತ್ತುವುದು ಅಭ್ಯಾಸವಾಗಿತ್ತು, ನನಗೆ ಸಹಿಸುವುದು ಸಾಕಾಗಿತ್ತು. ಮತ್ತೆ ಹೋಗುವುದಿಲ್ಲ ಎಂದಷ್ಟೇ ಹೇಳಿದೆ. ಅಮ್ಮ ನನ್ನ ತೋಳಿನ ಮೇಲಿನ ಕಲೆಯನ್ನು ನೋಡಿದಳು, ಮುದ್ದೆಗೆ ಎಸರಿಟ್ಟಳು.

ನನಗೆ ಭಯ ಶುರುವಾದದ್ದು ಮಾರನೆಯ ದಿನವನ್ನು ನೆನೆದು. ನಾಳೆ ಎದ್ದು ನಿಂತು ಗಂಡನ ಮನೆಯ ಬಾಗಿಲಿನ ಬಣ್ಣದ ತನಕ ಒಪ್ಪಿಸಿ, "ಇವರನ್ನು ಒಂದು ಮಾಡು" ಎಂದುಬಿಟ್ಟರೆ? ಊರಿಗೆಲ್ಲ ಗೊತ್ತಾಗುವುದು ಹಾಗಿರಲಿ, ಏಳನೇ ವಾರ ನನ್ನನ್ನೂ ಬಸ್ಸು ಹತ್ತಿಸಿದರೆ ನಾನು ಎಲ್ಲಿಗೆ ಹೋಗಲಿ?

"ಅಮ್ಮ, ನಾಳೆ ನನ್ ವಿಷ್ಯ ಎತ್ಬೇಡ" ಎಂದೆ.

"ನನಗೂ ದೇವ್ರಿಗೂ ಮಧ್ಯ ನಿಂದೇನೇ?" ಎಂದಳು.

ಬೆಳಿಗ್ಗೆ ಅಮ್ಮನ ಸೆರಗಿನ ಪಕ್ಕದಲ್ಲೇ ಕೂತೆ, ಎದ್ದರೆ ಎಳೆದು ಕೂರಿಸಬೇಕೆಂದು. ಎದ್ದಳು. ಎಳೆಯಲು ನನ್ನ ಕೈ ಬರಲಿಲ್ಲ. ಬುಕ್ಕಾಂಬುಧಿಯ ಬಾಣಂತಿ ಆಯಿತು, ಯಾರದೋ ಸಕ್ಕರೆ ಕಾಯಿಲೆ ಆಯಿತು. ಆಮೇಲೂ ಕೂರಲಿಲ್ಲ. ಫಾದರ್ ತಲೆ ಎತ್ತಿ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಪ್ರಭುವೇ, ನನ್ ಮಗಳು ಮನೆಗ್ ಬಂದವ್ಳೆ. ಅವ್ಳ ಬಗ್ಗೆ ಕೇಳೋದೇನೂ ಇಲ್ಲ. ಜೀವ ಉಳಿಸಿ ಕಳಿಸ್ದೆಯಲ್ಲ, ಅಷ್ಟು ಸಾಕು."

ಕೂತವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು. ಗಂಡನ ಮನೆ ಬಿಟ್ಟು ಬಂದದ್ದು ತಪ್ಪಲ್ಲ ಎಂದು ಆಗ ನನಗೆ ಮೊದಲ ಸಲ ಅನ್ನಿಸಿತು. ಅಷ್ಟು ಜನರ ನಡುವೆ, ನಾಚಿಕೆ ಬಿಟ್ಟು, ಅಮ್ಮನ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತೆ.