ದೊರೆಸಾನಿ ಇಲಿಯ ಮಹಜರು

ಕೆಂಪಿ ಮೂರು ದಿನದಿಂದ ಏನನ್ನೂ ಮುಟ್ಟಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಸಿದ್ದಮಲ್ಲಪ್ಪನವರು ಅದನ್ನು ಮೊರದಲ್ಲಿ ಮಲಗಿಸಿ, ಎಳೆಬಿಸಿಲು ಬೀಳಲೆಂದು ಜಗಲಿಯ ಮೇಲಿಟ್ಟು, ಹಾಲು ತರಲು ಒಳಗೆ ಹೋದರು. ಅವರು ಮಾಡಿದ ತಪ್ಪು ಇಷ್ಟೇ.

ಎದುರುಮನೆಯ ದೊಡ್ಡತಾಯಮ್ಮ ಮೊಸರಿನ ಗಡಿಗೆ ಹೊತ್ತು ಹೊರಟವಳು ಮೊರವನ್ನು ನೋಡಿದಳು. ಅದರಲ್ಲಿ ನಾಲ್ಕೂ ಕಾಲು ಚಾಚಿ ಬಿದ್ದಿದ್ದ ಕೆಂಚುಕೂದಲಿನ ಪ್ರಾಣಿಯನ್ನೂ ನೋಡಿದಳು.

"ಇಲಿ ಬಿದ್ದದೆ! ಅರ್ಜಿ ಅಯ್ನೋರ ಮನೇಲಿ ಇಲಿ ಬಿದ್ದದೆ ಕಣ್ರಪ್ಪೋ!"

1911ರ ಹುಣಸೂರಿನಲ್ಲಿ ಬೆಂಕಿ ಬಿತ್ತು ಎಂದರೆ ಜನ ನೀರು ತರುತ್ತಿದ್ದರು, ಇಲಿ ಬಿತ್ತು ಎಂದರೆ ಗಾಡಿ ತರುತ್ತಿದ್ದರು. ಮೊದಲು ಇಲಿ, ಆಮೇಲೆ ಪ್ಲೇಗು, ಆಮೇಲೆ ಮನುಷ್ಯ. ಈ ಲೆಕ್ಕ ಬೀದಿಯ ಹಸುಗೂಸಿಗೂ ಗೊತ್ತಿತ್ತು. ಇಲಿ ಸತ್ತ ಬೀದಿಯವರು ಮನೆ ಖಾಲಿಮಾಡಿ ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರಬೇಕು. ಸಿದ್ದಮಲ್ಲಪ್ಪನವರು ಹಾಲಿನ ಬಟ್ಟಲು ಹಿಡಿದು ಹೊರಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಎಣ್ಣೆ ಅಂಗಡಿ ನಂಜಯ್ಯನ ಮಂಚ ಬೀದಿಗೆ ಬಂದಿತ್ತು.

"ಇದು ಇಲಿಯಲ್ಲ! ಸತ್ತೂ ಇಲ್ಲ!" ಎಂದರು ಸಿದ್ದಮಲ್ಲಪ್ಪ.

ಅದು ನಿಜ. ಅವರು ತಾಲ್ಲೂಕು ಕಚೇರಿಯ ಮುಂದೆ ಕೂತು ಅರ್ಜಿ ಬರೆಯುವವರು. ಕೊಡಗಿನ ಕಾಫಿತೋಟದ ದೊರೆಸಾನಿಯೊಬ್ಬಳಿಗೆ ಹನ್ನೊಂದು ಅರ್ಜಿ ಬರೆದುಕೊಟ್ಟಿದ್ದರು. ಅವಳು ಕಡಲಾಚೆಯ ತನ್ನ ಸೀಮೆಗೆ ಹೊರಟಾಗ ಒಂದು ಪಂಜರವನ್ನೂ ಅದರೊಳಗಿನ ಎರಡು ಗಿನಿಪಿಗ್‌ಗಳನ್ನೂ ಇವರಿಗೆ ಒಪ್ಪಿಸಿ, ಕಣ್ಣೀರು ಒರೆಸಿಕೊಂಡು ಗಾಡಿ ಹತ್ತಿದ್ದಳು. ಒಂದು ಕೆಂಪಿ, ಇನ್ನೊಂದು ಬಿಳಿಯ. ಮಕ್ಕಳಿಲ್ಲದ ಮನೆಯಲ್ಲಿ ಅವಕ್ಕೆ ದಿನಾ ರಾಗಿಮುದ್ದೆಯನ್ನು ಹಾಲಿನಲ್ಲಿ ಕಿವುಚಿ ತಿನ್ನಿಸುವುದು ನಡೆದಿತ್ತು. ಬೀದಿಯವರು ಮಾತ್ರ ಅವನ್ನು 'ದೊರೆಸಾನಿ ಇಲಿ' ಎಂದೇ ಕರೆಯುತ್ತಿದ್ದರು.

"ಇಲಿಯಾದರೆ ಬಾಲ ಎಲ್ಲಿ?" ಎಂದು ಸಿದ್ದಮಲ್ಲಪ್ಪ ಕೆಂಪಿಯನ್ನು ಎತ್ತಿ ಹಿಂಭಾಗ ತೋರಿಸಿದರು.

ಜನ ಹತ್ತು ಮಾರು ಹಿಂದೆ ಸರಿದರು. ನಂಜಯ್ಯ ದೂರದಿಂದಲೇ ಹೇಳಿದ: "ಪಿಲೇಗಿಗೆ ಬಾಲ ಉದ್ರೋಗ್ತದೆ ಕಣ್ರೀ. ಸುಮ್ಕೆ ಸೀಮೆಎಣ್ಣೆ ಉಯ್ದು ಸುಟ್ಬುಡಿ. ಎಣ್ಣೆ ನಾ ಕೊಡ್ತೀನಿ, ಕಾಸು ಬ್ಯಾಡ."

ನಂಜಯ್ಯ ಕಾಸು ಬೇಡವೆಂದದ್ದನ್ನು ಕೇಳಿ ಉಳಿದವರಿಗೆ ಪ್ಲೇಗು ಖಂಡಿತವಾಯಿತು. ಇನ್ನೂ ನಾಲ್ಕು ಮಂಚ ಹೊರಗೆ ಬಂದವು.

"ಬಿಳಿಯಂಗೂ ಬೆಂಕಿ ಇಕ್ಬುಡಿ, ಜೊತೇಲೆ ಇದ್ದದ್ದು" ಎಂದಳು ದೊಡ್ಡತಾಯಮ್ಮ.

"ನನಗೂ ಸೇರಿಸಿ ಬೆಂಕಿ ಇಡಬೇಕಾಗುತ್ತದೆ, ತಾಯಮ್ಮ. ನಾನೂ ಜೊತೆಯಲ್ಲೇ ಇದ್ದದ್ದು."

ಪ್ಲೇಗು ಇನ್‌ಸ್ಪೆಕ್ಟರು ಮುಸಾಫಿರಖಾನೆಯಲ್ಲಿ ಮೊಕ್ಕಾಂ ಮಾಡಿದ್ದರು. ನಂಜಯ್ಯ ಓಡಿಹೋಗಿ ದೂರು ಕೊಟ್ಟು, ಮೂರು ಗಂಟೆಗೆ ಬರುತ್ತಾರೆಂಬ ಸುದ್ದಿ ತಂದ. ಇಲಿಯೆಂದು ಅವರು ಬರೆದರೆ ಎರಡಕ್ಕೂ ಬೆಂಕಿ, ಬೀದಿಗೆಲ್ಲ ಬಯಲು.

"ಕೊಟ್ಬಿಡಿ ಅವನ್ನ" ಎಂದರು ಹೆಂಡತಿ ಶಿವನಂಜಮ್ಮ. "ಊರಿನ ವಿರೋಧ ಕಟ್ಕೊಂಡು ಬಾಳೋಕಾಗುತ್ತಾ?"

"ಇಪ್ಪತ್ತು ವರ್ಷ ಊರಿನವರ ಪರವಾಗಿ ಬರೆದಿದ್ದೇನೆ. ಇವತ್ತು ನನ್ನ ಪರವಾಗಿ ಬರೆಯುತ್ತೇನೆ."

ಅವರು ಜಗಲಿಯಲ್ಲೇ ಕೂತು ಮಹಜರು ಬರೆದರು, ಅದರದೊಂದು ನಕಲನ್ನೂ ಮಾಡಿದರು. ಅಂಶಗಳು ಏಳು. ಒಂದು, ಇವು ಇಲಿಗಳಲ್ಲ. ಎರಡು, ಬಾಲ ಹುಟ್ಟಿನಿಂದಲೇ ಇಲ್ಲ. ಹೀಗೆ ಸಾಗಿ, ಏಳನೆಯದರಲ್ಲಿ ಕೈ ಸ್ವಲ್ಪ ಉದಾರವಾಯಿತು: 'ಸದರಿ ಪ್ರಾಣಿಗಳು ಪೂರ್ಣ ಆರೋಗ್ಯದಿಂದಿದ್ದು, ಸರ್ಕಾರದ ಯಾವುದೇ ಪರೀಕ್ಷೆಗೆ ಇವನ್ನು ಒಡ್ಡಲು ಮಾಲೀಕನು ಸದಾ ಸಿದ್ಧನಿದ್ದಾನೆ.' ಕೆಳಗೆ ಸಾಕ್ಷಿ ಹಾಕುವ ಪಂಚರ ರುಜುವಿಗೆ ಜಾಗ ಬಿಟ್ಟರು. ಬೀದಿಯಲ್ಲಿ ಒಬ್ಬರೂ ಲೇಖನಿ ಮುಟ್ಟಲಿಲ್ಲ. ಕಾಗದಕ್ಕೂ ಪ್ಲೇಗು ಅಂಟಿದೆಯೆಂದು ನಂಜಯ್ಯ ಹೇಳಿದ್ದ.

ಆದರೆ ಆರೋಗ್ಯ ಎಂದು ಬರೆದುಬಿಟ್ಟರೆ ಸಾಲದು, ಕೆಂಪಿ ಏಳಬೇಕಲ್ಲ! ಅದನ್ನು ಅಂಗವಸ್ತ್ರದಲ್ಲಿ ಸುತ್ತಿಕೊಂಡು, ಸಂತೆಮಾಳದ ಹುಣಸೆಮರದಡಿ ಎತ್ತುಗಳಿಗೆ ಲಾಳ ಹೊಡೆಯುವ ಮುದ್ದಯ್ಯನ ಬಳಿಗೆ ನಡೆದರು. ದನದ ಕಾಯಿಲೆಗೂ ಔಷಧ ಅವನದೇ. ಸುದ್ದಿ ಅವರಿಗಿಂತ ಮುಂದೆ ಹೋಗಿತ್ತು. ಬೀದಿಯ ಜನ ಎರಡು ಕಡೆಗೂ ಸರಿದು ದಾರಿ ಬಿಟ್ಟರು. ಅಮಲ್ದಾರರ ಸವಾರಿಗೂ ಅಷ್ಟು ಅಗಲ ದಾರಿ ಆ ಊರಿನಲ್ಲಿ ಸಿಕ್ಕಿದ್ದಿಲ್ಲ. ಸಿದ್ದಮಲ್ಲಪ್ಪ ತಲೆ ಬಗ್ಗಿಸದೆ ನಡುರಸ್ತೆಯಲ್ಲೇ ಹೋದರು.

ಮುದ್ದಯ್ಯನ ಕೈಯಲ್ಲಿ ಎತ್ತಿಗೆ ಔಷಧ ಹೊಯ್ಯುವ ಬಿದಿರಿನ ಗೊಟ್ಟ ಇತ್ತು. ಅದರೊಳಗೆ ಕೆಂಪಿಯೇ ಹಿಡಿಸುತ್ತಿತ್ತು. ಅವನು ಗೊಟ್ಟ ಕೆಳಗಿಟ್ಟ.

"ಪಿಲೇಗಂತೆ, ನಿಜವಾ ಅಯ್ನೋರೆ?"

"ನೀನೇ ನೋಡಿ ಹೇಳು."

"ಎತ್ತಾಗ್ಲಿ ಇಲಿಯಾಗ್ಲಿ, ಮೊದ್ಲು ಬಾಯಿ ಬುಡಿಸ್ಬೇಕು. ಅಲ್ಲು ನೋಡ್ದೆ ಯಾಪಾರಾನೂ ಇಲ್ಲ, ಔಸ್ದಿನೂ ಇಲ್ಲ" ಎಂದು ಅವನು ಹೆಬ್ಬೆರಳಿನಿಂದ ಕೆಂಪಿಯ ತುಟಿ ಸರಿಸಿ, ದೊಡ್ಡದಾಗಿ ನಕ್ಕ. ಮುಂದಿನ ಹಲ್ಲುಗಳು ಕುಡುಗೋಲಿನಂತೆ ಬಾಗಿ ಬೆಳೆದು ಒಂದಕ್ಕೊಂದು ಸಿಕ್ಕಿಕೊಂಡಿದ್ದವು. "ಏನ್ ತಿನ್ಸ್ತೀರಿ?"

"ಮುದ್ದೆ. ಹಾಲಿನಲ್ಲಿ ಕಿವುಚಿ."

"ಅಂಗೆ ಅಳಿಯಂಗೆ ಉಣ್ಸಿದ್ರೆ ಅಲ್ಲು ಸವ್ಯದೆಂಗೆ? ಪಾಪದ್ದು, ಉಣ್ಣಕ್ಕಾಗ್ದೆ ಬಿದ್ದದೆ. ಇದು ಪಿಲೇಗಲ್ಲ ಕಣ್ರೀ, ನಿಮ್ಮ ಪಿರೀತಿ!"

ಅವನು ಎಲೆಯಡಿಕೆ ಚೀಲದಿಂದ ಅಡಕತ್ತರಿ ತೆಗೆದು, ಧೋತ್ರದ ಚುಂಗಿನಲ್ಲಿ ಒರೆಸಿ, ಕಟಕ್ ಕಟಕ್ ಎಂದು ತುದಿ ಕತ್ತರಿಸಿದ. ಕೆಂಪಿ ಒಂದು ಸಲ ಕಿರುಚಿ, ದವಡೆ ಆಡಿಸಿ ನೋಡಿಕೊಂಡು, ಎತ್ತಿನ ಮುಂದಿದ್ದ ಹಸಿಹುಲ್ಲಿಗೆ ನುಗ್ಗಿತು. ಹುಲ್ಲಾದ ಮೇಲೆ ಮುದ್ದಯ್ಯನ ವೀಳ್ಯದೆಲೆಯನ್ನೂ ತಿಂದಿತು.

ಮೂರು ಗಂಟೆಗೆ ಬೀದಿಯಲ್ಲಿ ಆರು ಗಾಡಿ ಹೂಡಿ ನಿಂತಿದ್ದವು. ಇನ್‌ಸ್ಪೆಕ್ಟರು ಸೈಕಲ್ಲಿನಿಂದ ಇಳಿದರು. ಸಿದ್ದಮಲ್ಲಪ್ಪ ಜಗಲಿಯ ಮೇಲೆ ಪಂಜರವಿಟ್ಟು ಬಾಗಿಲು ತೆರೆದರು. ಕೆಂಪಿ ಮೂರು ದಿನದ ಸಾಲ ತೀರಿಸುವಂತೆ ಕೊತ್ತಂಬರಿ ಕಟ್ಟನ್ನು ಮುಗಿಸಿ, ಬಿಳಿಯನ ಪಾಲಿಗೂ ಬಾಯಿ ಹಾಕಿತು.

"ಇದು ಕಾಯಿಲೆ ಬಿದ್ದ ಪ್ರಾಣಿಯೇ?" ಎಂದು ಇನ್‌ಸ್ಪೆಕ್ಟರು ನಕ್ಕರು.

ಬೀದಿಗೆ ಬಯಲು ತಪ್ಪಿತು! ನಂಜಯ್ಯ ಮೊದಲಿಗನಾಗಿ ಬಂದು ಮಹಜರಿಗೆ ರುಜು ಹಾಕಿದ. ಹಿಂದೆಯೇ ನಾಲ್ವರು ನೂಕಾಡಿಕೊಂಡು ಹಾಕಿದರು. ದೊಡ್ಡತಾಯಮ್ಮ ಹೆಬ್ಬೆಟ್ಟು ಒತ್ತಿ, "ನಾ ಆವಾಗ್ಲಿಂದ್ಲೂ ಏಳ್ತಾನೆ ಇವ್ನಿ, ಅದು ಇಲಿಯಲ್ಲ ಅಂತ" ಎಂದಳು.

ಇನ್‌ಸ್ಪೆಕ್ಟರು ಏಳೂ ಅಂಶಗಳನ್ನು ಓದಿದರು. ಏಳನೆಯದನ್ನು ಎರಡು ಸಲ ಓದಿದರು.

"ಇವು ಗಿನಿಪಿಗ್ ಎಂಬುದು ಖಂಡಿತವೇ?"

"ಖಂಡಿತ."

"ಎರಡೂ ಆರೋಗ್ಯವಾಗಿವೆ?"

"ನೀವೇ ನೋಡಿದಿರಲ್ಲ."

"ಸಂತೋಷ. ಎರಡು ತಿಂಗಳಿಂದ ಇವಕ್ಕಾಗಿ ಬೆಂಗಳೂರಿಗೆ ಬರೆಯುತ್ತಿದ್ದೇನೆ. ಪಿರಿಯಾಪಟ್ಟಣದ ಕಡೆ ಒಂದು ಹಳ್ಳಿ ಖಾಲಿಯಾಗಿದೆ. ಪ್ಲೇಗು ಹರಡುವ, ಸತ್ತ ಇಲಿಯ ಮೈಮೇಲಿನ ಚಿಗಟ ಮನೆಗಳಲ್ಲಿ ಇನ್ನೂ ಇದೆಯೋ ಇಲ್ಲವೋ ತಿಳಿಯಬೇಕು. ಬೊಂಬಾಯಿಯಲ್ಲಿ ಇದಕ್ಕೆ ಮನೆಯೊಳಗೆ ಗಿನಿಪಿಗ್ ಬಿಡುತ್ತಾರೆ. ಚಿಗಟ ಇದ್ದರೆ ಅದರ ಮೈ ಏರುತ್ತದೆ."

"ಏರಿದರೆ?"

ಇನ್‌ಸ್ಪೆಕ್ಟರು ಟೋಪಿ ಸರಿಮಾಡಿಕೊಂಡರು. "ನಮಗೆ ತಿಳಿಯುತ್ತದೆ."

ಸಿದ್ದಮಲ್ಲಪ್ಪ ಪಂಜರದ ಮುಂದೆ ಅಡ್ಡ ನಿಂತರು. "ಸ್ವಾಮಿ, ತಪ್ಪಾಯಿತು. ಇವು ಇಲಿಗಳೇ."

"ಅಲ್ಲ ಸ್ವಾಮಿ! ಇಲಿ ಅಲ್ವೇ ಅಲ್ಲ!" ಎಂದು ಇಡೀ ಬೀದಿ ಕೂಗಿತು. ನಂಜಯ್ಯ ಮುಂದೆ ಬಂದು ಕೇಳಿದ: "ಇಲಿಯಾದ್ರೆ ಬಾಲ ಎಲ್ಲದೆ, ತೋರ್ಸಿ?"

"ಪ್ಲೇಗಿಗೆ ಉದುರಿಹೋಗಿದೆ!"

ಯಾರೂ ನಂಬಲಿಲ್ಲ. ಮಹಜರು ಇನ್ನೂ ಜಗಲಿಯ ಮೇಲಿತ್ತು. ಸಿದ್ದಮಲ್ಲಪ್ಪ ಅದನ್ನು ಕಾಲಿನಿಂದ ಮೆಲ್ಲಗೆ ಕೆಂಪಿಯ ಕಡೆಗೆ ತಳ್ಳಿದರು. ಕೆಂಪಿ ಮೂಸಿ ನೋಡಿ, ಹೊಟ್ಟೆ ತುಂಬಿದವರಂತೆ ಮುಖ ತಿರುಗಿಸಿತು. ಇನ್‌ಸ್ಪೆಕ್ಟರು ಕಾಗದ ಎತ್ತಲು ಕೈ ಚಾಚಿದರು.

"ತಡೆಯಿರಿ!" ಸಿದ್ದಮಲ್ಲಪ್ಪ ಲೇಖನಿ ಅದ್ದಿ ಎಂಟನೆಯ ಅಂಶ ಬರೆದರು: 'ಸದರಿ ಪ್ರಾಣಿಯ ಹಲ್ಲನ್ನು ಆಗಾಗ ಕತ್ತರಿಸದಿದ್ದರೆ ಅದು ಹಸಿದು ಸಾಯುತ್ತದೆ. ಇದನ್ನು ಬಲ್ಲವನು ಮಾಲೀಕನೊಬ್ಬನೇ.'

"ಅಂದರೆ ನೀವೂ ಬರಬೇಕು" ಎಂದರು ಇನ್‌ಸ್ಪೆಕ್ಟರು.

"ಬರುತ್ತೇನೆ. ಕೆಂಪಿ ಯಾವ ಮನೆಯಲ್ಲಿ ಮಲಗುತ್ತದೋ ಅಲ್ಲೇ ನಾನೂ ಮಲಗುತ್ತೇನೆ. ಚಿಗಟ ಮೊದಲು ನನ್ನನ್ನು ಕೇಳಿ ಆಮೇಲೆ ಅದರ ಮೈ ಏರಲಿ!"

ಶಿವನಂಜಮ್ಮ ಹಣೆ ಚಚ್ಚಿಕೊಂಡರು. ಆದರೂ ಒಳಗಿನಿಂದ ಅಡಕತ್ತರಿ ತಂದು ಗಂಡನ ಕೈಗಿಟ್ಟರು.

ಐದು ಗಾಡಿಗಳಿಂದ ಮಂಚ ಇಳಿದವು. ಆರನೆಯದಕ್ಕೆ ಸಿದ್ದಮಲ್ಲಪ್ಪನವರ ಹಾಸಿಗೆ ಏರಿತು. ಇಡೀ ಬೀದಿಯಲ್ಲಿ ಆ ದಿನ ಮನೆ ಖಾಲಿಮಾಡಿದವರು ಅವರೊಬ್ಬರೇ.

ಗಾಡಿ ಲಕ್ಷ್ಮಣತೀರ್ಥ ಹೊಳೆಯ ಸೇತುವೆ ದಾಟುವಾಗ ಕೆಂಪಿಗೆ ಮತ್ತೆ ಹಸಿವಾಯಿತು. ಮಹಜರು ಇನ್‌ಸ್ಪೆಕ್ಟರರ ಜೇಬಿನಲ್ಲಿ ಭದ್ರವಾಗಿತ್ತು. ಸಿದ್ದಮಲ್ಲಪ್ಪನವರ ಬಳಿಯಿದ್ದ ನಕಲನ್ನು ಕೆಂಪಿ ಒಂದನೆಯ ಅಂಶದಿಂದ ಮೊದಲುಮಾಡಿ, ಒಂದಕ್ಷರ ಬಿಡದೆ ತಿನ್ನತೊಡಗಿತು.