ಬಂದರಿನ ಊರಲ್ಲಿ ಒಂದು ಗುರುವಾರ

ಅಳಬೇಕೆಂದು ಕೂತಾಗಲೇ ಏನಾದರೊಂದು ನಗುವಂಥದ್ದು ನಡೆದು, ಆ ಅಳುವೂ ಪೂರ್ತಿಯಾಗದೆ ಹೋಗುವುದು ನನ್ನ ಹಣೆಬರಹ. ಕೊಟ್ಟೂರಿನಲ್ಲಿದ್ದಾಗ ಇಂಥದ್ದು ಅಪರೂಪಕ್ಕೊಮ್ಮೆ ಆಗುತ್ತಿತ್ತು. ಸರಕು ಸಾಗಣೆಯ ವಿಷಯ ಓದಲು ಜರ್ಮನಿಯ ಹ್ಯಾಂಬರ್ಗ್‌ಗೆ ಬಂದ ಮೇಲೆ ದಿನಾಲೂ ಆಗತೊಡಗಿತು.

ನಾನು ಹೊರಡುವ ದಿನ ಕಾಕ ಎಲ್ಲರೆದುರಿಗೆ "ಎರಡು ತಿಂಗಳು ತಡೀರಿ, ಅಳಕೋಂತ ವಾಪಸ್ ಬರ್ತಾಳ" ಅಂದಿದ್ದರು. ಆ ಮಾತು ಸುಳ್ಳು ಮಾಡಬೇಕೆಂಬ ಹಟವೊಂದು ಬಿಟ್ಟರೆ ನನ್ನಲ್ಲಿ ಬೇರೆ ಧೈರ್ಯ ಇರಲಿಲ್ಲ. ನವೆಂಬರ್ ಹೊತ್ತಿಗೆ ಹಟವೂ ಸವೆದುಹೋಗಿತ್ತು. ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು, ಬಿಟ್ಟೂಬಿಡದ ಜಿಟಿಜಿಟಿ ಮಳೆ, ಮಾತಾಡಿಸುವವರು ಒಬ್ಬರೂ ಇಲ್ಲ. ಓದು ಬಿಟ್ಟು ಊರಿಗೆ ಹೋಗುವುದೋ, ಇರುವುದೋ ಎಂಬುದೊಂದೇ ದಿನವಿಡೀ ನನ್ನ ತಲೆಯಲ್ಲಿ.

ಸಮುದ್ರ ಎಲ್ಲೈತಿ?

ಬಂದರಿನ ಊರೆಂದರೆ ಸಮುದ್ರ ಇರುತ್ತದೆ ಅಂತ ನಮ್ಮ ಮನೆಯವರಷ್ಟೇ ಅಲ್ಲ, ನಾನೂ ನಂಬಿದ್ದೆ. ಬಂದ ಮೇಲೆ ಗೊತ್ತಾಯಿತು, ಇಲ್ಲಿರುವುದು ನದಿ. ಸಮುದ್ರ ನೋಡಬೇಕೆಂದರೆ ರೈಲು ಹತ್ತಿ ಇನ್ನೂ ದೂರ ಹೋಗಬೇಕು. ಹಡಗುಗಳೇ ಅಷ್ಟು ದೂರದಿಂದ ನದಿಯೊಳಗೆ ಬರುತ್ತವೆ.

ಆ ನದಿಯಾದರೂ ನೆಟ್ಟಗಿದೆಯೇ? ಬೆಳಿಗ್ಗೆ ಎಡಕ್ಕೆ ಹರಿಯುತ್ತಿದ್ದ ನೀರು ಸಂಜೆ ಬಲಕ್ಕೆ ಹರಿಯುತ್ತಿತ್ತು. ಒಂಟಿಯಾಗಿದ್ದು ನನ್ನ ತಲೆಯೇ ಕೆಟ್ಟಿತೇನೋ ಎಂದು ನಿಜಕ್ಕೂ ಹೆದರಿದೆ. ಅಪ್ಪನಿಗೆ ಫೋನ್ ಮಾಡಿ ಕೇಳಿದರೆ, "ಮ್ಯಾಲೆ ಎಲ್ಲೋ ಡ್ಯಾಮಿನ ಗೇಟು ಎತ್ತಿರ್ತಾರ ಬಿಡು" ಅಂತ ಸಮಾಧಾನ ಹೇಳಿದರು. ಸಮುದ್ರದ ಉಬ್ಬರಕ್ಕೆ ನದಿ ಹಿಂದಕ್ಕೆ ಹರಿಯುತ್ತದೆಂದು ಆಮೇಲೆ ಕ್ಲಾಸಿನಲ್ಲಿ ತಿಳಿಯಿತು.

ಅವ್ವನಿಗೆ ವಿಡಿಯೊ ಕಾಲ್‌ನಲ್ಲಿ ಅದೇ ನೀರು ತೋರಿಸಿದೆ. ಅವ್ವ ಕನ್ನಡಕ ಏರಿಸಿ ನೋಡಿದಳು.

"ಇದು ಹೊಳಿ ಅಲ್ಲೇನ?"

"ಹೌದವ್ವ, ಹೊಳಿನ."

"ಹೊಳಿ ನೋಡಾಕ ಇಮಾನ ಯಾಕ ಹತ್ತಿದಿ? ಹಡಗಲಿ ಬಸ್ಸು ಹತ್ತಿದ್ರ ಸಾಕಾಗಿತ್ತು."

ದುಪಟ್ಟಾ

ನಮ್ಮೂರಲ್ಲಿ ಕೂಡ್ಲಿಗಿ ಬಸ್ಸಿಗೆ ಕಾದು ಬೆಳೆದವರಿಗೆ ಒಂದು ವಿದ್ಯೆ ಹುಟ್ಟಿನಿಂದಲೇ ಬಂದಿರುತ್ತದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ಲು ಎಸೆದರೆ ಆ ಸೀಟು ನಮ್ಮದು. ಆಮೇಲೆ ನಿಧಾನಕ್ಕೆ ಹತ್ತಿದರೂ ನಡೆಯುತ್ತದೆ, ಯಾರೂ ತಕರಾರು ಮಾಡುವುದಿಲ್ಲ.

ಇಲ್ಲಿ ನದಿ ದಾಟಲು ದೊಡ್ಡ ದೋಣಿ ಇದೆ. ಮೊದಲ ಸಲ ಹೋದಾಗ ನನ್ನ ಮುಂದೆ ಮೂರು ಜನ ನಿಂತಿದ್ದರು. ಮೂರು ಜನವೆಂದರೆ ನಮ್ಮ ಲೆಕ್ಕಕ್ಕೆ ಜಾತ್ರೆಯಲ್ಲ, ಆದರೂ ಕೈ ಕೇಳಬೇಕಲ್ಲ! ದೋಣಿ ದಡಕ್ಕೆ ತಾಗುವಷ್ಟರಲ್ಲಿ ದುಪಟ್ಟಾ ಉಂಡೆ ಮಾಡಿ ಮುಂದಿನ ಬೆಂಚಿನ ಕಡೆ ಎಸೆದೆ. ಗಾಳಿ ಅದನ್ನು ಬಿಚ್ಚಿ, ಹಾರಿಸಿ, ನೀರಿಗೆ ಹಾಕಿತು.

ಒಬ್ಬಾಕೆ ಕಿರುಚಿದಳು. ಯಾರೋ ನೀರಿಗೆ ಬಿದ್ದರೆಂದು ಗಂಟೆ ಬಾರಿಸಿದರು. ದೋಣಿಯವನು ಉದ್ದನೆಯ ಕೊಕ್ಕೆ ಹಿಡಿದು ಓಡಿ ಬಂದ. ಕೆಂಪು ದುಪಟ್ಟಾ ಮೇಲೆ ಬಂತು, ಅದರೊಳಗೆ ಮನುಷ್ಯರಿಲ್ಲದ್ದು ನೋಡಿ ಇನ್ನಷ್ಟು ಗಾಬರಿಯಾದರು. ಕೊನೆಗೆ ನಾನು ಕೈ ಎತ್ತಿ, ಸೀಟು ಹಿಡಿಯಲು ಎಸೆದದ್ದೆಂದು ಒಪ್ಪಿಕೊಂಡೆ.

ದೋಣಿಯವನು ದುಪಟ್ಟಾ ಹಿಂಡಿ ನನ್ನ ಕೈಗೆ ಕೊಟ್ಟು, ಖಾಲಿ ಬಿದ್ದಿದ್ದ ಅಷ್ಟೂ ಬೆಂಚುಗಳ ಕಡೆ ಕೈ ತೋರಿಸಿ, "ಮೇಡಂ, ಯಾವುದು ಬೇಕು?" ಅಂದ.

ಯಾವೂರು ನಿಮ್ಮದು?

ಹರಪನಹಳ್ಳಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ಊರು, ಮಕ್ಕಳು, ಬೀಗರು, ಎಲ್ಲವೂ ಟಿಕೆಟ್ಟು ಹರಿಯುವಷ್ಟರಲ್ಲಿ ನಮಗೆ ಗೊತ್ತಾಗಿರುತ್ತವೆ. ಕೇಳದೆ ಕೂತರೆ ಸೊಕ್ಕು ಅನ್ನುತ್ತಾರೆ. ಇಲ್ಲಿ ಒಂದು ದಿನ ಬೇಸರ ತಾಳದೆ ಬಸ್ಸಿನಲ್ಲಿ ಪಕ್ಕದ ಅಜ್ಜಿಯನ್ನು ಕೇಳಿಯೇಬಿಟ್ಟೆ: ಯಾವೂರು ನಿಮ್ಮದು? ಮಕ್ಕಳೆಷ್ಟು? ಈಗ ಎಲ್ಲಿಗೆ ಹೊರಟಿರಿ?

ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಮೂರಕ್ಕೂ ಸರಿಯಾಗಿ ಉತ್ತರ ಕೊಟ್ಟಳು. ನನಗೆ ಹೊಟ್ಟೆ ತಣ್ಣಗಾಯಿತು. ಆಮೇಲೆ ಚೀಲದಿಂದ ಗುರುತಿನ ಚೀಟಿ ತೆಗೆದು ನನ್ನ ಮುಂದೆ ಹಿಡಿದು ಕೇಳಿದಳು: "ನೀವು ಪೊಲೀಸರಲ್ಲವೆ?"

ನಗು ಬಂತು. ಆದರೆ ಅವಳು ಇಳಿದುಹೋದ ಮೇಲೆ, ಇಷ್ಟು ದಿನದಲ್ಲಿ ನನ್ನ ಊರು ಯಾವುದೆಂದು ಒಬ್ಬರೂ ಕೇಳಿಲ್ಲವಲ್ಲ ಎಂದು ಕಣ್ಣು ತುಂಬಿತು.

ಬಾ, ಊಟ ಮಾಡು

ನಾನಿದ್ದ ಬಾಡಿಗೆ ಮನೆಯಲ್ಲಿ ಎರಡು ಕೋಣೆ, ಇಬ್ಬರಿಗೂ ಸೇರಿ ಒಂದು ಅಡುಗೆಮನೆ. ಎದುರು ಕೋಣೆಯಲ್ಲಿ ಇದೇ ಊರಿನವಳೊಬ್ಬ ಹುಡುಗಿ, ಹಡಗು ಕಟ್ಟುವುದನ್ನು ಓದುತ್ತಿದ್ದಳು. ಎತ್ತರದ ಆಳು. ಎದುರಾದರೆ ತಲೆಯಾಡಿಸುವಳು, ಅಷ್ಟೇ.

ನಾವು ಉಣ್ಣುವಾಗ ಯಾರೇ ಬಂದರೂ "ಬರ್ರಿ, ಊಟ ಮಾಡ್ರಿ" ಅನ್ನಬೇಕು. ಬಂದವರು "ಆತ್ರಿ, ನೀವು ಮಾಡ್ರಿ" ಅನ್ನಬೇಕು. ಅಲ್ಲಿಗೆ ಇಬ್ಬರ ಮರ್ಯಾದೆಯೂ ಉಳಿಯಿತು, ಅನ್ನವೂ ಉಳಿಯಿತು. ಒಂದು ಸಂಜೆ ನಾನು ಉಣ್ಣುವಾಗ ಅವಳು ನೀರಿಗೆ ಬಂದಳು. ರೂಢಿಯಂತೆ "ಬಾ, ಊಟ ಮಾಡು" ಅಂತ ಇಂಗ್ಲಿಷಿನಲ್ಲಿ ಅಂದೆ.

ಅವಳು ಲೋಟ ಕೆಳಗಿಟ್ಟು ಯೋಚಿಸಿದಳು. "ಇವತ್ತು ಆಗುವುದಿಲ್ಲ. ಮುಂದಿನ ಗುರುವಾರ ಆರೂವರೆಗೆ?" ಅಂದು, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೇಬಿಟ್ಟಳು.

ನಾನು ಅದನ್ನು ಮರೆತೆ. ಆ ವಾರ ನನ್ನ ಬೇಸರ ಮಿತಿಮೀರಿತ್ತು. ಗುರುವಾರ ಮಧ್ಯಾಹ್ನ ಅವ್ವನಿಗೆ ಫೋನ್ ಮಾಡಿ "ನನಗ ಆಗಂಗಿಲ್ಲವ್ವ, ಬಂದುಬಿಡ್ತೀನಿ" ಅಂತ ಬಿಕ್ಕಿದೆ. "ಬಾ ನನ್ನವ್ವ, ಕಾಕಾಗ ನಾ ಹೇಳ್ತೀನಿ" ಅಂದಳು ಅವ್ವ. ಬಟ್ಟೆ, ಪುಸ್ತಕ, ಅವ್ವ ಕಟ್ಟಿಕೊಟ್ಟ ಒಣ ಜೋಳದ ಕಟಕರೊಟ್ಟಿಯಲ್ಲಿ ಉಳಿದದ್ದು, ಎಲ್ಲ ಸೂಟ್‌ಕೇಸಿಗೆ ತುಂಬಿದೆ.

ಸರಿಯಾಗಿ ಆರೂವರೆಗೆ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಎದುರು ಕೋಣೆಯವಳು! ಒಳಗೇ ಇದ್ದವಳು ಹೊಸ ಅಂಗಿ ಹಾಕಿ, ಹೂವು ತಂದು, ತನ್ನದೇ ಮನೆಗೆ ಅತಿಥಿಯಾಗಿ ಹೊರಗಿನಿಂದ ಬಂದಿದ್ದಳು.

ಒಲೆ ತಣ್ಣಗಿತ್ತು. ಸೂಟ್‌ಕೇಸು ಬಿಚ್ಚಿ ಕಟಕರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದೆ, ಮೊಸರು ಹಾಕಿದೆ. ಅವಳು ರೊಟ್ಟಿಯನ್ನು ಬೆರಳಿಂದ ಕುಟ್ಟಿ, ಬೆಳಕಿಗೆ ಹಿಡಿದು, "ಇಷ್ಟು ತೆಳ್ಳಗೆ, ಇಷ್ಟು ಗಟ್ಟಿ, ಯಾರು ಮಾಡಿದ್ದು?" ಅಂದಳು. "ನಮ್ಮವ್ವ" ಅಂದೆ. "ಯಾವೂರು ನಿಮ್ಮದು?" ಅಂತ ಕೇಳಿದಳು. ನಾನು ಕೊಟ್ಟೂರಿನ ಬಗ್ಗೆ ಎಷ್ಟು ಹೊತ್ತು ಹೇಳಿದೆನೋ ನನಗೇ ಗೊತ್ತಿಲ್ಲ. ಕಣ್ಣೀರು ಬಂತು. ಖಾರದಿಂದ ಅವಳಿಗೂ ಬಂತು.

ಅವಳು ಏಳುವಾಗ ಮತ್ತೆ ರೂಢಿ: "ಮತ್ತೆ ಬಾ" ಅಂದುಬಿಟ್ಟೆ. ಅವಳು ಕ್ಯಾಲೆಂಡರಿನ ಹತ್ತಿರ ಹೋಗಿ ಮುಂದಿನ ಗುರುವಾರ ಬರೆದಳು.

ಅವ್ವನಿಗೆ ಹೇಳಿದೆ. ಅವ್ವ ಅಂದಳು: "ಊಟಕ್ಕ ಕರದು, ಮನಿ ಬಾಗಿಲಾ ಹಾಕ್ಕೊಂಡು ಬರ್ತಾರೇನ? ಅಕಿಗೆ ಉಣ್ಣಾಕ ಹಾಕಿ ಆಮ್ಯಾಲೆ ಬಾ."

"ಇಲ್ಲಿ ನಮ್ಮನ್ನ ಯಾರು ಕೇಳ್ತಾರವ್ವ?"

"ಕರದಾಕಿ ನೀನಲ್ಲೇನ?"

ಹೀಗೆ ಎರಡನೇ ಚಳಿಗಾಲ ಬಂತು. ಪ್ರತಿ ಗುರುವಾರ ಅವಳು ಬರುತ್ತಾಳೆ, ನಾನು "ಮತ್ತೆ ಬಾ" ಅನ್ನುತ್ತೇನೆ, ಅವಳು ಬರೆಯುತ್ತಾಳೆ. ಕತ್ತಲು, ಮಳೆ, ಬೇಸರ ಯಾವುದೂ ಕಡಿಮೆಯಾಗಿಲ್ಲ. ಹೋದ ವಾರ ಅವ್ವನೇ ಸೋತಳು. "ಈ ಸರ್ತಿ ಅಕಿ ಏಳುಮುಂದ ಏನೂ ಅನಬ್ಯಾಡ. ಬಾಯಾಗ ರೊಟ್ಟಿ ಇಟ್ಕೊಂಡು ಸುಮ್ಮನ ನಿಂದ್ರು. ನಿನ್ನ ಮಾರಿ ನೋಡಬೇಕಾಗೇತಿ, ಬಾ."

ಹಾಗೇ ಮಾಡಿದೆ. ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ನಿಂತೆ. ಅವಳು ಎದ್ದು ಕ್ಯಾಲೆಂಡರಿನ ಮುಂದೆ ಪೆನ್ನು ಹಿಡಿದು ನಿಂತಳು. ಕಾದಳು. ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ನಿಧಾನಕ್ಕೆ ಹಾಕತೊಡಗಿದಳು.

ರೊಟ್ಟಿ ಗಂಟಲಿಗೆ ಸಿಕ್ಕಿ ಕೆಮ್ಮುತ್ತಲೇ "ಮತ್ತೆ ಬಾ" ಅಂದೆ.